ನಾನು ದೂರು ಕೊಟ್ಟ ಅಕ್ಷರಗಳು

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಗೋಕಾಕದಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಮದುವೆ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ, ಪುಣ್ಯತಿಥಿಯ ಕಾರ್ಡು, ಹೀಗೆ ಬಂದದ್ದನ್ನೆಲ್ಲ ಟೈಪ್ ಮಾಡಿ ಕೊಡುತ್ತಿದ್ದೆ. ಊರಿನ ಎಲ್ಲ ಅಂಗಡಿಗಳಲ್ಲೂ ಇದ್ದದ್ದು ಅವೇ ನಾಲ್ಕೈದು ಫಾಂಟು. ಮದುವೆಗೂ ಸಾವಿಗೂ ಒಂದೇ ಮುಖದ ಅಕ್ಷರ.

ಅಂಥ ಹೊತ್ತಿನಲ್ಲಿ ಇಂಟರ್‌ನೆಟ್ಟಿನಲ್ಲಿ ಒಂದು ಮಾರುಕಟ್ಟೆ ಕಣ್ಣಿಗೆ ಬಿತ್ತು. ಫಾಂಟು, ಚಿತ್ರ, ಅಂಚಿನ ವಿನ್ಯಾಸ, ಏನು ಮಾಡಿದ್ದರೂ ಯಾರು ಬೇಕಾದರೂ ಅದರ ಫೈಲನ್ನು ಅಲ್ಲಿ ಮಾರಾಟಕ್ಕಿಡಬಹುದಿತ್ತು. ಹುಡುಕುತ್ತ ಹೋದಾಗ ಒಂದು ಕನ್ನಡ ಫಾಂಟು ಸಿಕ್ಕಿತು. ಕುಂಚದಿಂದ ಬರೆದಂತಿದ್ದ, ಹೊಟ್ಟೆ ತುಂಬಿದ ಅಕ್ಷರಗಳು. ತಲೆಕಟ್ಟು ಕೊನೆಯಲ್ಲಿ ತುಸು ಮೇಲಕ್ಕೆ ಎದ್ದಿರುತ್ತಿತ್ತು. ಮಾರುವವರ ಹೆಸರಿನ ಜಾಗದಲ್ಲಿ ಬರೀ ಎರಡು ಇಂಗ್ಲಿಷ್ ಅಕ್ಷರ. ನನ್ನ ಬಳಿ ಕ್ರೆಡಿಟ್ ಕಾರ್ಡಿರಲಿಲ್ಲ, ಅಣ್ಣನಿಗೆ ಹೇಳಿ ಕೊಳ್ಳಿಸಿದೆ.

ಅದೇ ವಾರ ಮೂಡಲಗಿಯಿಂದ ಒಬ್ಬ ಜೈನ ವ್ಯಾಪಾರಿ ಬಂದರು. ಅವರ ತಾಯಿ ಸಲ್ಲೇಖನ ವ್ರತ ಹಿಡಿದು, ಅನ್ನ ನೀರು ಒಂದೊಂದಾಗಿ ತ್ಯಜಿಸಿ, ದೇಹ ಬಿಟ್ಟಿದ್ದರು. ಸ್ಮರಣೆಯ ಕಾರ್ಡು ಬೇಕಿತ್ತು. ಹೊಸ ಫಾಂಟು ತೋರಿಸಿದೆ.

"ಇದು ಛಲೋ ಐತ್ರಿ," ಎಂದರು. "ಅವ್ವನ ಅಕ್ಷರಾನೂ ಹಿಂಗ ದುಂಡಗ ಇದ್ವು."

ಅಂದು ಕರೆಂಟಿರಲಿಲ್ಲ. ಯುಪಿಎಸ್ ಮೇಲೆ ಕಂಪ್ಯೂಟರ್ ಮಾತ್ರ ನಡೆಯುತ್ತಿತ್ತು, ಪ್ರಿಂಟರ್ ಅಲ್ಲ. ಅವರು ನನ್ನ ಬೆನ್ನ ಹಿಂದೆ ನಿಂತು, ತುಟಿ ಅಲುಗಿಸುತ್ತ, ಪರದೆಯ ಮೇಲೆಯೇ ಎರಡು ಸಲ ಓದಿ ಒಪ್ಪಿದರು. ಕರೆಂಟು ಬರುವವರೆಗೆ ಕಾಯ್ದು ಒಂದು ಪ್ರತಿ ತೆಗೆದು ನೋಡಬೇಕಿತ್ತು. ನೋಡಲಿಲ್ಲ. ಸಿಡಿಗೆ ಹಾಕಿ ಘಟಪ್ರಭಾದ ಪ್ರೆಸ್ಸಿಗೆ ಕಳಿಸಿಬಿಟ್ಟೆ.

ಕಾರ್ಡು ಒಯ್ದ ಐದನೆಯ ದಿನ ಅವರು ಮತ್ತೆ ಬಂದರು. ಒಂದು ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟರು. ಲ ಅಕ್ಷರದ ಒತ್ತು ಎಲ್ಲಿಯೂ ಬಿದ್ದಿರಲಿಲ್ಲ. ಪರದೆಯಲ್ಲಿ ಕಂಡದ್ದು ಅಚ್ಚಿನಲ್ಲಿ ಮಾಯವಾಗಿತ್ತು. 'ಎಲ್ಲರೂ' ಎಂಬುದು 'ಎಲರೂ' ಆಗಿತ್ತು. 'ಸಲ್ಲೇಖನ' 'ಸಲೇಖನ' ಆಗಿತ್ತು.

"ಹಂಚಿ ಮುಗದ ಮ್ಯಾಲೆ ನೋಡಿದ್ನಿರಿ," ಎಂದರು. "ಹದಿನೇಳು ದಿನ ತಡಕೊಂಡಾಳ್ರಿ ಅವ್ವ. ಆ ವ್ರತದ ಹೆಸರಾರ ಪೂರ್ತಿ ಇರಬೇಕಿತ್ತು."

"ಮತ್ತ ಹೊಡಿಸಿ ಕೊಡ್ತೀನ್ರಿ."

"ಇನ್ನ ಯಾರಿಗೆ ಹಂಚೂದ್ರಿ? ಬಂದವರೆಲ್ಲ ಹೋದ್ರು."

ದನಿ ಏರಿಸದೆ ಇಷ್ಟು ಹೇಳಿ ಮೆಟ್ಟಿಲಿಳಿದರು. ನನಗೆ ನಾಚಿಕೆಯಾಗಿತ್ತು. ಆ ನಾಚಿಕೆ ಎರಡು ನಿಮಿಷದಲ್ಲಿ ಸಿಟ್ಟಾಯಿತು. ಮಾರುಕಟ್ಟೆಯ ಪುಟ ತೆರೆದೆ. ಫಾಂಟಿನ ಕೆಳಗೆ ದೋಷ ತಿಳಿಸಲು ಒಂದು ಗುಂಡಿ ಇತ್ತು. ಒತ್ತಿದರೆ ಕಾರಣಗಳ ಪಟ್ಟಿ ಬಂತು: ಫೈಲು ತೆರೆಯುತ್ತಿಲ್ಲ, ವಿವರಣೆಯಂತಿಲ್ಲ, ಬೇರೆಯವರಿಂದ ಕದ್ದದ್ದು, ಮೋಸ. ಒಂದು ಒತ್ತು ಬೀಳುತ್ತಿಲ್ಲ ಎನ್ನುವುದಕ್ಕೆ ಅಲ್ಲಿ ಜಾಗವಿರಲಿಲ್ಲ. ಮಾರುವವರಿಗೇ ನೇರವಾಗಿ ಬರೆಯಲು ಪಕ್ಕದಲ್ಲಿ ಬೇರೊಂದು ಗುಂಡಿ ಇತ್ತು. ಅದನ್ನು ಕಂಡೂ ಮುಟ್ಟಲಿಲ್ಲ. ಸಣ್ಣ ದೂರಾದರೆ ಯಾರೂ ಓದುವುದಿಲ್ಲ ಎನಿಸಿ 'ಕದ್ದದ್ದು', 'ಮೋಸ' ಎರಡಕ್ಕೂ ಗುರುತು ಹಾಕಿದೆ. ಅದು ಕದ್ದದ್ದೆಂದು ನಂಬಲು ನನ್ನ ಬಳಿ ಯಾವ ಕಾರಣವೂ ಇರಲಿಲ್ಲ.

ವಾರದೊಳಗೆ ಉತ್ತರ ಬಂತು. ತಿಳಿಸಿದ್ದಕ್ಕೆ ಧನ್ಯವಾದ, ಆ ಫಾಂಟನ್ನು ತೆಗೆದಿದ್ದೇವೆ, ಮಾರುವವರ ಪುಟವನ್ನೂ ಮುಚ್ಚಿದ್ದೇವೆ ಎಂದು ಬರೆದಿದ್ದರು. ನನಗೆ ಸಮಾಧಾನವಾಯಿತು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಎರಡು ತಿಂಗಳ ಮೇಲೆ ಚಿಕ್ಕಮ್ಮನ ಬಸುರಿ ಮಗಳ ಕುಬಸಕ್ಕೆಂದು ಹುಕ್ಕೇರಿಗೆ ಹೋಗಿದ್ದೆ. ಹೂವು ತರಲು ಪೇಟೆಗೆ ಹೊರಟವಳು ಒಂದು ಸೈಕಲ್ ಅಂಗಡಿಯ ತಗಡಿನ ಬೋರ್ಡು ಕಂಡು ನಿಂತುಬಿಟ್ಟೆ. ಅದೇ ಹೊಟ್ಟೆ ತುಂಬಿದ ಅಕ್ಷರ, ಅದೇ ಮೇಲಕ್ಕೆದ್ದ ತಲೆಕಟ್ಟು. ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು.

"ಇದನ್ನ ಯಾರ ಬರದಾರ್ರಿ?" ಎಂದು ಅಂಗಡಿಯವರನ್ನು ಕೇಳಿದೆ.

"ಹಿಂದಿನ ಓಣ್ಯಾಗ ಅದಾರ್ರಿ. ಫ್ಲೆಕ್ಸ್ ಬಂದ ಮ್ಯಾಲೆ ಅವರ ಕಡೆ ಯಾರೂ ಬರಸಾಂಗಿಲ್ಲ."

ಆ ಮನೆ ಹುಡುಕಿಕೊಂಡು ಹೋದೆ. ಅರವತ್ತು ದಾಟಿದ ತೆಳ್ಳಗಿನ ಹಿರಿಯರೊಬ್ಬರು ಪಡಸಾಲೆಯಲ್ಲಿ ಕೂತಿದ್ದರು. ಒಳಗೆ ಅವರ ಮಗಳು ಹೊಲಿಗೆ ಮಷಿನ್ ತುಳಿಯುತ್ತಿದ್ದಳು. ನಿಮ್ಮ ಅಕ್ಷರ ಚೆನ್ನಾಗಿವೆ ಎಂದೆ. ಅಷ್ಟಕ್ಕೇ ಅವರು ಎದ್ದು ಹೋಗಿ ಒಂದು ಸುರುಳಿ ತಂದು ಬಿಚ್ಚಿದರು. ಡ್ರಾಯಿಂಗ್ ಹಾಳೆಗಳ ಮೇಲೆ ಅ ಇಂದ ಳ ವರೆಗೆ, ಒತ್ತುಗಳ ಸಮೇತ, ಕಪ್ಪು ಬಣ್ಣದಲ್ಲಿ ಬರೆದಿದ್ದರು.

"ಬೋರ್ಡಿನ ಕೆಲಸ ನಿಂತಿತು. ನನ್ನ ಅಕ್ಷರ ಹೋಗಬಾರದು ಅಂತ ಮಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಒಂದೊಂದನ್ನೂ ಸ್ಕ್ಯಾನ್ ಮಾಡಿ ಕೂಡಿಸಿದ್ಳ್ರಿ. ಎರಡು ವರ್ಷ ಹಿಡೀತು. ಈಗ ಯಾರೋ ಕಳುವಿನ ಮಾಲು ಅಂದ್ರಂತ, ತಗದು ಒಗದಾರ."

ಸುಮ್ಮನೆ ಎದ್ದು ಬರಬಹುದಿತ್ತು. ಆ ಹಾಳೆಗಳು ನನ್ನ ಮಡಿಲಲ್ಲಿದ್ದವು, ಏಳಲಾಗಲಿಲ್ಲ.

"ಆ ದೂರು ನಾನ ಬರದದ್ದರಿ," ಎಂದೆ.

ಮಷಿನ್ ನಿಂತಿತು. ಮಗಳು ಹೊರಗೆ ಬಂದಳು. "ಏನು ಕೆಟ್ಟಿತ್ರಿ ಅದರಾಗ?" ಎಂದಷ್ಟೇ ಕೇಳಿದಳು.

"ಲ ಒತ್ತು ಅಚ್ಚಿನ್ಯಾಗ ಬೀಳಲಿಲ್ಲ."

"ಇರಬೇಕ್ರಿ. ನಮ್ಮ ಕಡೆ ಪ್ರಿಂಟರ್ ಇರಲಿಲ್ಲ. ನನಗ ಒಂದ ಮಾತು ಬರದಿದ್ರ ಅವತ್ತ ಸರಿ ಮಾಡಿ ಕಳಸ್ತಿದ್ನಿ." ಆಮೇಲೆ ಹೇಳಿದಳು: "ಇದು ನಿಮ್ಮದ ಅನ್ನಾಕ ಕಾಗದ ಕಳಸರಿ ಅಂತ ಮಾರುಕಟ್ಟೆಯವರು ಅಂದ್ರು. ಬೋರ್ಡ್ ಬರದಿದ್ದಕ್ಕ ಯಾರ ಕಾಗದ ಕೊಡ್ತಾರ್ರಿ?"

ಗೋಕಾಕಕ್ಕೆ ಮರಳಿ ಮಾರುಕಟ್ಟೆಯವರಿಗೆ ಮೂರು ಸಲ ಬರೆದೆ. ನಾನು ಕೊಟ್ಟ ದೂರು ಸುಳ್ಳು, ಅಕ್ಷರ ಅವರದ್ದೇ ಎಂದೆ. ಹುಕ್ಕೇರಿಯ ಬೋರ್ಡುಗಳ ಫೋಟೊ ತೆಗೆಸಿ ಕಳಿಸಿದೆ. ಮೂರು ಸಲವೂ ಒಂದೇ ಸಾಲು ಬಂತು, ತೀರ್ಮಾನ ಬದಲಾಗುವುದಿಲ್ಲ ಎಂದು. ಕೊನೆಯದನ್ನು ಪ್ರಿಂಟ್ ತೆಗೆದುಕೊಂಡು ಮತ್ತೆ ಹೋದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಎನಿಸಿತ್ತು.

ಮಗಳು ಅದನ್ನು ಕನ್ನಡದಲ್ಲಿ ಓದಿ ಹೇಳಿದಳು. ತಂದೆ ನನ್ನ ಕಡೆ ತಿರುಗಿದರು.

"ಅಂದ್ರ ಅಲ್ಲೆ ನಾವು ಕಳ್ಳರು ಅಂತನ ಇರತೈತೇನ್ರಿ?"

"ಹೌದ್ರಿ," ಎಂದೆ. ಬೇರೆ ಏನು ಹೇಳಿದರೂ ಸುಳ್ಳಾಗುತ್ತಿತ್ತು.

ಅವರು ತಲೆಯಾಡಿಸಿದರು. ಮಗಳು ಚಹಾ ತಂದಳು, ಮೂವರೂ ಕುಡಿದೆವು. ತಿದ್ದಿದ ಫೈಲನ್ನು ನನ್ನ ಅಂಗಡಿಯಲ್ಲಿಟ್ಟು ಬಳಸುತ್ತೇನೆ, ಕೊಡು ಎಂದು ಅವಳನ್ನು ಕೇಳಿದೆ. "ತಿದ್ದಿಲ್ಲರಿ. ಇನ್ನ ಅದಕ್ಕ ಕುಂದ್ರಾಕ ಮನಸಿಲ್ಲ," ಎಂದು ಬ್ಲೌಸಿನ ತುಂಡು ಎತ್ತಿಕೊಂಡು ಮಷಿನ್ನಿಗೆ ಹೋದಳು.