ಪಗಾರದ ಜಪ್ತಿ, ಗೋದಾಮಿನ ಕೀಲಿ

೨೦೦೬ರಲ್ಲಿ ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಅಕೌಂಟ್ಸ್ ಮ್ಯಾನೇಜರ್ ಆಗಿದ್ದೆ. ಹಾವೇರಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಕಾನೂನು ನನಗೆ ಗೊತ್ತು ಎನ್ನುವ ಜಂಬ ಆಗ ಕೊಂಚ ಜಾಸ್ತಿಯೇ ಇತ್ತು.

ಒಂದು ದಿನ ಬ್ಯಾಡಗಿ ಕೋರ್ಟಿನಿಂದ ಜಪ್ತಿ ಆದೇಶ ಬಂತು. ನಮ್ಮ ಗೋದಾಮು ನೋಡಿಕೊಳ್ಳುತ್ತಿದ್ದ ಬಸವಣ್ಣೆಪ್ಪನ ಸಂಬಳದಲ್ಲಿ ಪ್ರತಿ ತಿಂಗಳು ಒಂದು ಪಾಲು ಹಿಡಿದು ಕೋರ್ಟಿಗೆ ಕಟ್ಟಬೇಕು. ಕಟ್ಟದಿದ್ದರೆ ಆ ಹಣಕ್ಕೆ ಕಂಪನಿಯೇ ಹೊಣೆ. ಬಸವಣ್ಣೆಪ್ಪ ಮೇಡ್ಲೇರಿಯವನು. ಬ್ಯಾಡಗಿಯಲ್ಲಿ ಖಾರದಪುಡಿ ಗಿರಣಿ ಹಾಕಿದ ಷಡ್ಡಕನ ಸಾಲಕ್ಕೆ ಜಾಮೀನು ನಿಂತಿದ್ದ. ಷಡ್ಡಕ ಗಿರಣಿ ಮುಚ್ಚಿ ಊರು ಬಿಟ್ಟ, ಸಾಲ ಕೊಟ್ಟ ಫೈನಾನ್ಸಿನವರು ಕೋರ್ಟಿಗೆ ಹೋಗಿ ಇವನ ಮೇಲೆ ಡಿಕ್ರಿ ತಂದರು.

"ಇಂಥಾವ್ನ ಯಾಕ ಇಟ್ಕೋಬೇಕ್ರಿ? ಲೆಕ್ಕಾ ಮುಗಿಸಿ ಕಳಸ್ರಿ," ಎಂದರು ಮಾಲೀಕರು.

"ಜಪ್ತಿ ಬಂತಂತ ಕೆಲಸದಿಂದ ತಗಿಯೂದು ತಪ್ಪಾಗ್ತದ್ರಿ," ಎಂದೆ. ಅವರು ಆ ವಿಚಾರ ಅಲ್ಲಿಗೇ ಬಿಟ್ಟರು.

ಸಂಬಳ ನಾಲ್ಕು ಸಾವಿರ. ಆಗಿನ ಕಾನೂನಿನಂತೆ ಮೊದಲ ಸಾವಿರಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಉಳಿದದ್ದರಲ್ಲಿ ಮೂರನೇ ಒಂದು ಪಾಲು ಮಾತ್ರ, ಅಂದರೆ ಸಾವಿರ ರೂಪಾಯಿ, ಹಿಡಿಯಬಹುದು. ಫೈನಾನ್ಸಿನವ ಬಂದು ಅರ್ಧ ಸಂಬಳ ಹಿಡಿಯಿರಿ ಎಂದಾಗ ಬೈದು ಕಳಿಸಿದೆ. ಬಡವನನ್ನು ಉಳಿಸಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಮೇಲೆ ಶುರುವಾಯಿತು ನೋಡಿ ನನ್ನ ಹಾಳು ಬುದ್ಧಿ. ಗೋದಾಮಿನಲ್ಲಿ ಲಕ್ಷಗಟ್ಟಲೆ ಬೆಲೆಯ ಹೈಬ್ರಿಡ್ ಬೀಜ. ಸಾಲಕ್ಕೆ ಸಿಕ್ಕವನ ಕೈ ಜಾರಿದರೆ? ಯಾರೂ ನನಗೆ ಹೇಳಿರಲಿಲ್ಲ, ಮಾಲೀಕರೂ ಹೇಳಿರಲಿಲ್ಲ. ನಾನಾಗಿಯೇ ಗೋದಾಮಿಗೆ ಹೋದೆ. ಹಮಾಲರು ಲಾರಿ ತುಂಬುತ್ತಿದ್ದರು.

"ಆಡಿಟ್ ಐತಿ. ಸ್ವಲ್ಪ ದಿನ ಕೀಲಿ ನನ್ನ ಕಡೆ ಇರ್ಲಿ," ಎಂದೆ ಬಸವಣ್ಣೆಪ್ಪನಿಗೆ.

"ಆಡಿಟ್ ಮಾರ್ಚಿನ್ಯಾಗಲ್ರೀ?" ಎಂದ. ನಾನು ಕೈ ಚಾಚಿದೆ. ಹಮಾಲರು ಚೀಲ ಹೊತ್ತುಕೊಂಡೇ ನಿಂತು ನೋಡಿದರು. ಅವರೆಲ್ಲ ಅವನನ್ನು ಕರೆಯುತ್ತಿದ್ದದ್ದೇ 'ಕೀಲಿ ಬಸಣ್ಣ' ಎಂದು. ಅವನು ಉಡದಾರಕ್ಕೆ ಕಟ್ಟಿದ್ದ ಕೀಲಿ ಬಿಚ್ಚಿ, ಟವೆಲಿನಿಂದ ಒರೆಸಿ ಕೊಟ್ಟ. ಮರುದಿನದಿಂದ ಅವನಿಗೆ ಚೀಲ ಹೊಲಿಯುವ ಕೆಲಸ. ಜಪ್ತಿಯ ಪಾಲು ಬಿಟ್ಟರೆ ಸಂಬಳ ಒಂದು ರೂಪಾಯಿಯೂ ಕಡಿಮೆ ಮಾಡಲಿಲ್ಲ. ಹಾಗಾಗಿ ಕಾನೂನಿನಲ್ಲಿ ನಾನು ಶುದ್ಧ.

ಹದಿನಾಲ್ಕು ತಿಂಗಳಿಗೆ ಡಿಕ್ರಿ ತೀರಿತು. ಅಷ್ಟು ದಿನ ಗೋದಾಮಿನಲ್ಲಿ ಒಂದು ಪಾಕೀಟೂ ಹೆಚ್ಚುಕಡಿಮೆಯಾಗಿರಲಿಲ್ಲ, ಅದಕ್ಕೂ ಮೊದಲು ಅವನ ಕಾಲದಲ್ಲೂ ಆಗಿರಲಿಲ್ಲ. ಜಪ್ತಿ ಮುಗಿದ ಪತ್ರ ಬಂದ ದಿನವೇ ಅವನನ್ನು ಕರೆದು, ಭಾರೀ ಉಪಕಾರ ಮಾಡುವವನ ಹಾಗೆ ಕೀಲಿ ಮುಂದೆ ಇಟ್ಟೆ.

"ತಗೋ ಬಸಣ್ಣ, ಎಲ್ಲಾ ಮುಗೀತು."

ಅವನು ಕೈ ಚಾಚಲಿಲ್ಲ. ಸಿಟ್ಟೂ ಮಾಡಲಿಲ್ಲ. "ಬ್ಯಾಡ್ರಿ ಮ್ಯಾನೇಜರ್ರ. ನಾಳೆ ಒಂದು ಚೀಲ ಕಮ್ಮಿ ಬಿದ್ರ, ನೀವು ಮೊದಲು ನನ್ನ ಮುಖಾನ ನೋಡ್ತೀರಿ," ಎಂದು ಹೊಲಿಯಲು ಹೋದ.

ನಾನು ಕೀಲಿ ಎತ್ತಿ ಮತ್ತೆ ಮೇಜಿನ ಖಾನೆಯಲ್ಲಿಟ್ಟೆ. ಅವನು ಹೇಳಿದ್ದು ಖರೇ ಇತ್ತು.

ಮುಂದೆ ನನ್ನ ನಿವೃತ್ತಿಯವರೆಗೂ ಇಂಥ ಆದೇಶಗಳು ಬಂದವು. ಅದರಲ್ಲಿ ಬರೆದಷ್ಟನ್ನೇ ಹಿಡಿದೆ, ಅದಕ್ಕಿಂತ ಹೆಚ್ಚಿಗೆ ಏನನ್ನೂ ಯಾರಿಂದಲೂ ಕಸಿದುಕೊಳ್ಳಲಿಲ್ಲ. ಬಸವಣ್ಣೆಪ್ಪ ಚೀಲ ಹೊಲಿಯುತ್ತಲೇ ನೌಕರಿ ಮುಗಿಸಿದ. ಬೀಳ್ಕೊಡುಗೆಯ ದಿನ ಹಮಾಲರು ಹಾರ ಹಾಕಿದರು. ಒಬ್ಬರೂ ಅವನನ್ನು ಕೀಲಿ ಬಸಣ್ಣ ಎಂದು ಕರೆಯಲಿಲ್ಲ.