ಚಿತ್ರವಿಲ್ಲದ ಚದುರಂಗ
ತಮಿಳುನಾಡಿನ ಎಡಪ್ಪಾಡಿಯ ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಓದಿದವರಿಗೆ ಬರವಿಲ್ಲ, ಆದರೆ ಪಕ್ಕದ ಮನೆಯ ಪೂಂಗೊಡಿಯಂಥವಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಗ್ಗದ ಸದ್ದಿನ ನಡುವೆ ಲ್ಯಾಪ್‌ಟಾಪ್ ಹಿಡಿದು ಕೂತು ಚದುರಂಗದ ಆಟವೊಂದನ್ನು ಬರೆಯುತ್ತಾಳೆ. ಅದರಲ್ಲಿ ಚಿತ್ರವೇ ಇಲ್ಲ, ಬರೀ ಅಕ್ಷರ. ಕಾಯಿಗಳ ವಿಷಯವನ್ನು ನೆಂಟರ ವಿಷಯದಂತೆ ಆಡುತ್ತಾಳೆ: "ಕುದುರೆ ನಡಿಗೆ ಕುದುರೆಗೇ ಗೊತ್ತೈತೆ, ಅಜ್ಜಿ. ಮಣೆ ಯಾಕೆ ತಲೆ ಕೆಡಿಸ್ಕೋಬೇಕು?" ಒಂದೊಂದು ಕಾಯಿಗೂ ಅದರದೇ ಬುದ್ಧಿ ಕೊಟ್ಟಿದ್ದಾಳೆ, ರಾಜ ಮಾತ್ರ ಹೆಜ್ಜೆ ಇಡುವ ಮೊದಲು ಎದುರಾಳಿಯ ಕಾಯಿಗಳನ್ನೆಲ್ಲ ವಿಚಾರಿಸಿಕೊಳ್ಳಬೇಕು. ನೇರ ನಡೆಯಬೇಕಾದ ಆನೆ ಓರೆಯಾಗಿ ನಡೆದ ದಿನ ಅವಳಿಗೆ ಊಟದ ನೆನಪಿರುವುದಿಲ್ಲ. "ಆನೆಗೆ ಬುದ್ಧಿ ಹೇಳಾಯ್ತಾ? ಸಾಪಾಡು ಆರೋಗ್ತೈತೆ," ಎಂದು ತಾಯಿ ಗೊಣಗುತ್ತಾಳೆ. ನಾಲ್ಕು ಚಿತ್ರ ಹಾಕಬಾರದೇ ಎಂದು ನಾನೂ ಗದರಿದ್ದೆ. "ಅಪ್ಪನಿಗೆ ಚಿತ್ರ ಯಾತಕ್ಕೆ?" ಎಂದಳು. ಕಣ್ಣು ಹೋದ ಮೇಲೆ ಅವಳಪ್ಪ ಚಿನ್ನರಾಜ್ ಮಣೆ ಮುಟ್ಟಿರಲಿಲ್ಲ. ಯಾರಾದರೂ ಕಾಯಿ ನಡೆಸಿಕೊಡುತ್ತೇನೆಂದರೆ ಮುಖ ತಿರುಗಿಸುತ್ತಿದ್ದ. ಅಕ್ಷರವಾದರೆ ಫೋನು ಗಟ್ಟಿಯಾಗಿ ಓದುತ್ತದೆ, ಅವನು ಬಾಯಲ್ಲೇ ಉತ್ತರ ಹೇಳಬಹುದು. ಆದರೆ ಆಟದಲ್ಲಿ ಜಗಳವಾಡಲು ಅವನಿಗೆ ಮನೆಮಾತೇ ಬೇಕು, ಮಗಳಿಗೋ ಕನ್ನಡ ಬರೆಯಲು ಬಾರದು. ಅವಳು ಮನೆಯ ಕನ್ನಡವನ್ನೆಲ್ಲ ತಮಿಳಕ್ಷರದಲ್ಲಿ ಬರೆದಿಟ್ಟಳು. ಮೊನ್ನೆ ತಮಿಳು ಓದುವ ಆ ಫೋನು ನಮ್ಮ ಗೋಡೆಯಾಚೆ, "ಕುದುರೆ ಬಂತು, ರಾಜನ್ನ ನೋಡ್ಕೊ," ಎಂದಿತು. ನಾನು ಓದುತ್ತಿದ್ದ ಪುಸ್ತಕ ಬದಿಗಿಟ್ಟು ಕಿವಿಗೊಟ್ಟೆ. ಚಿನ್ನರಾಜನ ದನಿ ಕೇಳಿಸಿತು: "ಬರ್ಲಿ ಬಾ ಲೇ, ನಾನಿನ್ನೂ ಕುಂತೇ ಇವ್ನಿ."