ಹಸಿರು ತೋರಿಸಿದ ದವಾಖಾನೆ

ವರದಾ ಎಂದರೆ ಡಾಕ್ಟರುಗಳಿಗೆ ಎದೆ ಢವಢವ. ಬಾಗಲಕೋಟೆಯ ವಿದ್ಯಾಗಿರಿಯ ಮನೆಯಿಂದ ಹೋಗಿ ಜಿಲ್ಲಾ ಆರೋಗ್ಯ ಕಚೇರಿಯ ಕಂಪ್ಯೂಟರಿನ ಮುಂದೆ ಕೂತಳೆಂದರೆ, ಯಾವ ದವಾಖಾನೆಗೆ ಯಾವ ಡಾಕ್ಟರು ಯಾವಾಗ ಬಂದರು, ಯಾವಾಗ ಎದ್ದು ಹೋದರು, ಎಲ್ಲ ಅವಳ ಕಣ್ಣೆದುರಿಗೆ. ಕೆಲಸದ ಹೊತ್ತು ಕಡಿಮೆಯಾದರೆ ಹೆಸರು ಕೆಂಪಾಗುತ್ತದೆ, ಪೂರ್ತಿಯಾದರೆ ಹಸಿರು. ಕೆಂಪು ಕಂಡಿತೋ, ಇವಳ ಫೋನು ಹೋಯಿತೆಂದೇ ಲೆಕ್ಕ. ಬೈಸಿಕೊಂಡವರು ಬೆನ್ನ ಹಿಂದೆ ಏನಾದರೂ ಅಂದುಕೊಳ್ಳಲಿ, ಬಡವರಿಗೆ ಡಾಕ್ಟರು ಸಿಗಲೇಬೇಕು ಅನ್ನುವುದು ಅವಳ ಹಟ. ಹಟ ಒಳ್ಳೆಯದೇ ಬಿಡಿ.

ತಂಗಿ ಪ್ರಾಚಿಯ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ತಾಯಿ ಮಥುರಾಬಾಯಿಯ ಆಸೆ. ವರದಾ ಕೇಳಬೇಕಲ್ಲ!

"ಬಾಗಲಕೋಟಿಗೆ ಯಾಕ ಬರಬೇಕು? ಅಮೀನಗಡದ ಆಚೆ ಆಕಿ ಗಂಡನ ಮನಿ ಹತ್ರನ ದವಾಖಾನಿ ಅದ. ಅಲ್ಲಿ ಡಾಕ್ಟರ್ ವಿಜಯಮಹಾಂತೇಶ ಯಾವಾಗ ನೋಡಿದ್ರೂ ಹಸಿರ."

ಹಸಿರಿನ ಮುಂದೆ ತಾಯಿಯ ಮಾತು ನಡೆಯಲಿಲ್ಲ.

ನೋವು ಶುರುವಾಯಿತೆಂದು ಫೋನು ಬಂದದ್ದೇ ವರದಾ ಸಿಕ್ಕ ಬಸ್ಸು ಹತ್ತಿ ಆ ದವಾಖಾನೆಗೆ ಬಂದಳು. ನರ್ಸ್ ದಸ್ತಗೀರಬಿ, "ಇನ್ನೂ ಹೊತ್ತೈತ್ರಿ. ಕೂಸು ದೊಡ್ಡದೈತಿ, ಕಡೀಕ ಡಾಕ್ಟರ ಕೈನ ಬೇಕಾಗ್ತೈತಿ" ಅಂದಳು.

ಅಷ್ಟರಲ್ಲಿ ಡಾಕ್ಟರು ಬಂದರು. ಅಂಗಿಯ ಗುಂಡಿ ಒಂದು ಕಡೆ, ಕಾಜ ಇನ್ನೊಂದು ಕಡೆ. ನೋವಿಗೆ ಹಲ್ಲು ಕಚ್ಚಿ ಮಲಗಿದ್ದ ಪ್ರಾಚಿಯನ್ನು ನೋಡಿ, "ಎಷ್ಟು ತಿಂಗಳವ್ವಾ?" ಎಂದು ಕೇಳಿದರು. ಹೊರಗೆ ಹೋಗಿ ತಿರುಗಿ ಬಂದು ಮತ್ತೆ ಅದನ್ನೇ ಕೇಳಿದರು. ವರದಾ ಎದ್ದು ಅವರ ಹಿಂದೆಯೇ ಹೊರಗೆ ಬಂದಳು. ಇವರ ಕೈಗಾ ನನ್ನ ತಂಗಿಯನ್ನು ಕೊಟ್ಟದ್ದು!

ಪಡಸಾಲೆಯಲ್ಲಿ ಅವರನ್ನು ಅಡ್ಡಗಟ್ಟಿದಳು. "ನೀವು ಮಲಗಿ ಎಷ್ಟು ಹೊತ್ತಾತ್ರಿ?"

ಡಾಕ್ಟರು ಗೋಡೆಗೆ ಒರಗಿ ನಕ್ಕರು. "ನನ್ನ ಹೊತ್ತು ಕಾಯೋರು ನೀವಲ್ರಿ? ನೀವ ಹೇಳ್ರಿ."

ಹಾಜರಿಯ ಲೆಕ್ಕ ಅವಳ ಫೋನಿನಲ್ಲೂ ಇತ್ತು, ತೆರೆದು ನೋಡಿದಳು. ಮೊನ್ನೆ ಒಳಗೆ ಬಂದವರು ಹೊರಗೇ ಹೋಗಿರಲಿಲ್ಲ. ಎರಡನೆಯ ಡಾಕ್ಟರ ಜಾಗ ಎಂದಿನಿಂದಲೋ ಖಾಲಿ. ಕಡಿಮೆ ದುಡಿದರೆ ಕೂಗುವ ಕಂಪ್ಯೂಟರಿಗೆ ಹೆಚ್ಚು ದುಡಿದು ಸಾಯುವವರು ಕಾಣುವುದಿಲ್ಲ. ಇವಳಿಗೂ ಕಂಡಿರಲಿಲ್ಲ.

ಪ್ರಾಚಿಯನ್ನು ಬೇರೆ ಕಡೆ ಒಯ್ಯೋಣವೆಂದರೆ ಆಂಬುಲೆನ್ಸ್ ಅಪಘಾತದವರನ್ನು ಹೊತ್ತುಕೊಂಡು ಬಾಗಲಕೋಟೆಗೆ ಹೋಗಿತ್ತು. ತನ್ನ ಮೇಲಧಿಕಾರಿ ಪ್ರವೀಣಕುಮಾರರಿಗೆ ಫೋನು ಹಚ್ಚಿದಳು. "ಇನ್ನೊಬ್ಬ ಡಾಕ್ಟರನ್ನ ಕಳಸ್ರಿ ಸರ್."

"ಅಲ್ಲಿ ಹಸಿರದಲ್ರಿ ವರದಾ! ಹಸಿರಿದ್ದಲ್ಲಿ ಕಳಸಿದ್ರ ಮಂದಿ ನನಗ ಹುಚ್ಚ ಅಂತಾರ" ಎಂದು ಫೋನು ಇಟ್ಟೇಬಿಟ್ಟರು.

ವರದಾ ಡಾಕ್ಟರ ಕಡೆ ತಿರುಗಿದಳು. "ಹೋಗಿ ಮಲಕೋರಿ."

"ಮತ್ತ ಇಲ್ಲಿ?"

"ಹೋಗ್ರಿ ಅಂದ್ನೆಲ್ಲ!"

ಅವರು ಕೋಣೆಗೆ ಹೋಗಿ ಬಿದ್ದವರು ಬಿದ್ದ ಹಾಗೆಯೇ ನಿದ್ದೆ ಹೋದರು. ವರದಾ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತಳು. ತಪಾಸಣೆಗೆ ಹೋದಲ್ಲಿ ಹಾಜರಿ ತಿದ್ದುವ ಅಧಿಕಾರ ಅವಳಿಗಿತ್ತು. ಫೋನಿನಲ್ಲಿ ವಿಜಯಮಹಾಂತೇಶರ ಹೆಸರು ಒತ್ತಿ, 'ಗೈರು' ಎಂದು ಹಾಕಿದಳು. ಹಸಿರು ಕೆಂಪಾಯಿತು.

ಗಳಿಗೆಯೊಳಗೆ ಪ್ರವೀಣಕುಮಾರರ ಫೋನು ಬಂತು. "ಏನ್ರಿ ಇದು? ದವಾಖಾನಿ ಬಿಟ್ಟು ಎಲ್ಲಿ ಹೋದ ಅವಾ?"

"ಡಾಕ್ಟರ್ ಇಲ್ರಿ ಸರ್. ಹೆರಿಗಿ ಕೇಸ್ ಅದ."

"ತಡೀರಿ, ಹುನಗುಂದದಿಂದ ಈಗ ಕಳಸ್ತೇನಿ!"

ಆಮೇಲಿನ ಹೊತ್ತು ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಒಳಗೆ ಪ್ರಾಚಿ "ಅಕ್ಕಾ" ಎಂದು ಚೀರಿದಾಗಲೆಲ್ಲ ವರದಾ ಡಾಕ್ಟರ ಬಾಗಿಲು ಬಡಿಯಲು ಕೈ ಎತ್ತಿದಳು, ಹಿಂದಕ್ಕೆಳೆದುಕೊಂಡಳು. ಯಾರೂ ಬರದಿದ್ದರೆ? ತಂಗಿಯನ್ನು ತಾನೇ ಕೊಂದಂತಲ್ಲವೆ? ಕೊನೆಗೂ ಜೀಪು ಬಂತು. ಇಳಿದ ಡಾಕ್ಟರ್ ಬಸವೇಶ್ವರಿ ನೇರ ಒಳಗೆ ಓಡಿದರು.

ಸಂಜೆ ವಿಜಯಮಹಾಂತೇಶ ಗಾಬರಿಯಿಂದ ಎದ್ದು ಬಂದರು. "ಕೂಸು?"

"ಹೆಣ್ರಿ. ಇಬ್ರೂ ಆರಾಮದಾರ." ವರದಾ ತಲೆ ತಗ್ಗಿಸಿದಳು. "ನಿಮಗ ಗೈರು ಹಾಕೇನ್ರಿ. ನೋಟಿಸ್ ಬರ್ತದ. ತಪ್ಪು ನಂದು ಅಂತ ನಾ ಬಂದು ಹೇಳ್ತೇನಿ."

ಡಾಕ್ಟರು ಜೀಪಿನತ್ತ ನೋಡಿದರು, ಒಳಗೆ ಬಸವೇಶ್ವರಿ ರೋಗಿಗಳನ್ನು ನೋಡುತ್ತಿದ್ದುದನ್ನು ನೋಡಿದರು.

"ಏನೂ ಹೇಳಬ್ಯಾಡ್ರಿ," ಅಂದರು. "ನಾಳೆನೂ ಗೈರ ಹಾಕ್ರಿ."